ಎಡಗಡೆಯ ತೆರಪು

ಓಡೆಲ್ ಪ್ರೂಯಿಟ್‌ನ ಬಾಯಿಂದ ಬಾತುಕೋಳಿ ಇಳಿಯುವ ಜಾಗದ ಗುಟ್ಟನ್ನು ಹೊರಡಿಸಿದವರು ನಮ್ಮೂರಲ್ಲಿ ಒಬ್ಬರೂ ಇಲ್ಲ. ಅದು ಅವನೊಬ್ಬನ ಗುಣವೂ ಅಲ್ಲ. ಅರ್ಕನ್ಸಾದ ಈ ಕೆಳನಾಡಿನಲ್ಲಿ ಒಬ್ಬನ ಸಂಬಳವೆಷ್ಟು ಅಂತ ಕೇಳಬಹುದು, ಹೆಂಡತಿ ಯಾಕೆ ಬಿಟ್ಟುಹೋದಳು ಅಂತಲೂ ಕೇಳಬಹುದು. ಬಾತು ಎಲ್ಲಿ ಸಿಗುತ್ತಿವೆ ಅಂತ ಮಾತ್ರ ಕೇಳಬಾರದು. ಕೇಳಿದವನಿಗೆ ಸುಳ್ಳು ಹೇಳಿದರೆ ಅದು ಪಾಪದ ಲೆಕ್ಕಕ್ಕೆ ಬರುವುದಿಲ್ಲ, ನಮ್ಮ ಪಾದ್ರಿಯೂ ಹೇಳುತ್ತಾರೆ. ಸರ್ಕಾರಿ ಜೌಗು ಎಲ್ಲರದ್ದು, ಆದರೆ ಮೊದಲು ಹೋಗಿ ನಿಂತವನದೇ ಜಾಗ. ಬಾಯಿ ಬಿಟ್ಟವನು ಮಾರನೇ ದಿನ ತನ್ನ ಜಾಗದಲ್ಲಿ ಇನ್ನೊಬ್ಬನ ದೋಣಿ ನೋಡಿಕೊಂಡು ವಾಪಸು ಬರಬೇಕು.

ಓಡೆಲ್‌ಗೆ ದೋಣಿಯ ಮೋಟಾರು, ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುವ ಅಂಗಡಿ. ಮದುವೆ ಆಗಲಿಲ್ಲ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅಕ್ಕ ಲೂರೀನ್. ನೀರು ನಿಂತ ಓಕ್ ಕಾಡಿಗೆ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗಿ, ಮರಕ್ಕೆ ಒರಗಿ ನಿಲ್ಲುವುದು ಹೇಗೆ, ಬಾತುಗಳ ಕೂಗಿಗೆ ಪೀಪಿ ಊದಿ ಉತ್ತರ ಕೊಡುವುದು ಹೇಗೆ, ಆಮಿಷಕ್ಕೆ ತೇಲಿಬಿಟ್ಟ ಹುಸಿ ಬಾತುಗಳು ಜೀವಂತ ಕಾಣಲಿ ಅಂತ ಕಾಲಿನಿಂದ ನೀರು ಅಲ್ಲಾಡಿಸುವುದು ಹೇಗೆ, ಎಲ್ಲ ಕಲಿಸಿದವಳು ಅವಳೇ. ಭಾನುವಾರ ಚರ್ಚಿನಲ್ಲಿ ಊರ ಮಕ್ಕಳಿಗೆ ಬೈಬಲ್ ಹೇಳಿಕೊಡುತ್ತಿದ್ದಳು, ಶನಿವಾರ ಅದೇ ಮಕ್ಕಳಿಗೆ ಪೀಪಿ ಊದಲು ಕಲಿಸುತ್ತಿದ್ದಳು. ಹಾಗಾಗಿ ಊರಿಗೆಲ್ಲ ಅವಳು ಮಿಸ್ ಲೂರೀನ್.

ಈಗ ಅವಳ ಕಣ್ಣು ಹೋಗುತ್ತಿತ್ತು. ಒಂದೇ ಏಟಿಗೆ ಹೋಗುವ ಕುರುಡಲ್ಲ, ನಡುವಿನಿಂದ ಸವೆಯುತ್ತ ಬರುವ ರೋಗ. ಏನನ್ನು ನೋಡಬೇಕು ಅಂತ ತಿರುಗುತ್ತಾಳೋ ಅದರ ಮೇಲೇ ಕಪ್ಪು ಕೂತಿರುತ್ತದೆ, ಅಕ್ಕಪಕ್ಕದ್ದಷ್ಟೇ ಕಾಣುತ್ತದೆ. ಮುಂದಿನ ಚಳಿಗಾಲದ ಹೊತ್ತಿಗೆ ಅದೂ ಇರುವುದಿಲ್ಲ ಅಂದಿದ್ದರು ಡಾಕ್ಟರು. ಲೂರೀನ್ ಯಾರ ಹತ್ತಿರವೂ ಏನನ್ನೂ ಬೇಡಿದವಳಲ್ಲ. ಕ್ರಿಸ್‌ಮಸ್ ದಿನ ಊಟ ಮಾಡುತ್ತ, ಮರಗಳ ನಡುವೆ ಹಸಿರುತಲೆಯ ಗಂಡು ಬಾತುಗಳು ಇಳಿಯುವುದನ್ನು ಇನ್ನೊಂದು ಸಲ ನೋಡಬೇಕಿತ್ತು ಕಣೋ ಅಂದಳು. ಅಷ್ಟು ಹೇಳಿ ಮಾಂಸದ ರಸದ ಬಟ್ಟಲು ಅತ್ತ ಸರಿಸು ಅಂದಳು. ಹೇಗಾದರೂ ತೋರಿಸಲೇಬೇಕು ಅಂತ ಓಡೆಲ್ ಅವತ್ತೇ ಗಟ್ಟಿಮಾಡಿಕೊಂಡ.

ಅವರ ಕಾಡಿಗೆ ಆ ವರ್ಷ ಸರ್ಕಾರ ನೀರನ್ನೇ ಬಿಟ್ಟಿರಲಿಲ್ಲ. ಓಕ್ ಬೇರು ಕೊಳೆಯುತ್ತಿವೆ, ಒಂದು ಚಳಿಗಾಲ ಒಣಗಲಿ ಅಂತ ಕಾಲುವೆಯ ತೂಬು ಮುಚ್ಚಿದ್ದರು. ಒಣನೆಲಕ್ಕೆ ಯಾವ ಬಾತು ಬರುತ್ತದೆ? ಉಳಿದಿದ್ದು ಒಂದೇ ದಾರಿ. ದಕ್ಷಿಣಕ್ಕೆ ಅರ್ಧ ದಿನದ ಹಾದಿ, ಹ್ಯಾಚೆಟ್ ಜೌಗು ಅಂತ, ಅವನು ಕಾಲಿಟ್ಟೇ ಇರದ ಸರ್ಕಾರಿ ಕಾಡು. ಓಡೆಲ್ ನಕ್ಷೆ ತರಿಸಿ ಅಂಗಡಿಯ ಮೇಜಿನ ಮೇಲೆ ಹಾಸಿದ. ಅಳಿಯನ ವರಸೆಯವನೊಬ್ಬನಿಂದ ಆಕಾಶದಿಂದ ತೆಗೆದ ಚಿತ್ರಗಳನ್ನು ಫೋನಿಗೆ ಹಾಕಿಸಿಕೊಂಡ. ದಿನಾ ಬೆಳಿಗ್ಗೆ ಎದ್ದು ಅಲ್ಲಿನ ನದಿಯ ಮಟ್ಟ ನೋಡುತ್ತಿದ್ದ. ನೀರು ಏರದೆ ಆ ಕಾಡು ತುಂಬುವುದಿಲ್ಲ, ಮಳೆಯಾಗದೆ ನೀರು ಏರುವುದಿಲ್ಲ, ಜನವರಿ ಮುಗಿದರೆ ಬೇಟೆಗೆ ಅಪ್ಪಣೆ ಇರುವುದಿಲ್ಲ. ಅಂಗಡಿಗೆ ಬಂದ ಮೋಟಾರುಗಳು ಮೂಲೆಯಲ್ಲಿ ಬಿದ್ದಿದ್ದವು. ಮಳೆ ಬಂದಿದ್ದು ಕೊನೆಯ ವಾರದಲ್ಲಿ, ಧೋ ಅಂತ. ಇನ್ನು ಸಿಕ್ಕುವುದು ಕೊನೆಯ ದಿನದ ಬೆಳಿಗ್ಗೆ ಮಾತ್ರ, ಅದೂ ಮಧ್ಯಾಹ್ನದವರೆಗೆ, ಆಮೇಲೆ ಸರ್ಕಾರಿ ಕಾಡಿನಲ್ಲಿ ಬೇಟೆಯಾಡುವ ಹಾಗಿಲ್ಲ. ಒಂದೇ ಅವಕಾಶ, ಗೊತ್ತಿಲ್ಲದ ಕಾಡು, ಕಣ್ಣು ಹೋಗುತ್ತಿರುವ ಅಕ್ಕ. ನಕ್ಷೆಯನ್ನು ಎಷ್ಟು ನೋಡಿದರೂ ಅದು ನೀರು ಎಲ್ಲಿದೆ ಅಂತ ಹೇಳುತ್ತಿತ್ತೇ ಹೊರತು ಬಾತು ಎಲ್ಲಿವೆ ಅಂತ ಹೇಳುತ್ತಿರಲಿಲ್ಲ.

ಯಾರನ್ನಾದರೂ ಕೇಳಲೇಬೇಕಿತ್ತು. ಜನ್ಮದಲ್ಲಿ ಮೊದಲ ಸಲ ಓಡೆಲ್ ಕೇಳಿದ. ಆ ಕಡೆಯ ಬಂದೂಕಿನ ಅಂಗಡಿಗೆ ಫೋನ್ ಮಾಡಿದರೆ, ಈ ವರ್ಷ ಬಾತೇ ಇಲ್ಲ ಅಂದರು. ದೋಣಿಕಟ್ಟೆ ಹತ್ತಿರದ ಹೋಟೆಲಿನವಳು, ಎಲ್ಲ ಕಡೆಯೂ ಇದ್ದಾವಪ್ಪ ಅಂದಳು. ಕೊನೆಗೆ ನೆನಪಾದವನು ಗ್ರೇಡಿ ಟ್ಯಾಲಿ. ಗ್ರೇಡಿ ನಮ್ಮೂರವನೇ, ಈಗ ಹ್ಯಾಚೆಟ್ ಪಕ್ಕದಲ್ಲೇ ಮೀನು ಸಾಕುವ ಕೊಳಗಳಲ್ಲಿ ಕೆಲಸಕ್ಕಿದ್ದ. ಹುಡುಗನಾಗಿದ್ದಾಗ ಒಮ್ಮೆ ಬುದ್ಧಿಯಿಲ್ಲದೆ ಓಡೆಲ್‌ನನ್ನು ಜಾಗ ಕೇಳಿದ್ದ. ಓಡೆಲ್ ಅವನನ್ನು ಬಾತೇ ಬರದ ಬೀವರ್ ಕೊಳಕ್ಕೆ, ಬೀವರ್ ಅನ್ನುವ ಪ್ರಾಣಿಗಳು ಒಡ್ಡು ಕಟ್ಟಿದ ಕೆಸರುಗುಂಡಿಗೆ, ಕಳಿಸಿದ್ದ. ದೋಣಿ ಕೆಸರಿನಲ್ಲಿ ಹೂತು, ಹುಡುಗ ಸಂಜೆವರೆಗೆ ಅಲ್ಲೇ ಕೂತಿದ್ದ. ಆ ಚಳಿಗಾಲವಿಡೀ ಊರ ಹೋಟೆಲಿನಲ್ಲಿ ಅವನನ್ನು ಬೀವರ್ ಅಂತಲೇ ಕರೆದರು.

"ಯಾವ ಓಡೆಲ್?" ಅಂದ ಗ್ರೇಡಿ. "ಬೀವರ್ ಕೊಳದ ಓಡೆಲ್ಲಾ?"

ಓಡೆಲ್ ಅವಮಾನ ನುಂಗಿಕೊಂಡು ವಿಷಯ ಹೇಳಿದ. ಅಕ್ಕನ ಕಣ್ಣಿನ ಮಾತು ಬಾಯಿಗೆ ಬರಲಿಲ್ಲ. ಅದನ್ನು ಮುಂದಿಟ್ಟು ಜಾಗ ಕೇಳುವುದು ಭಿಕ್ಷೆ ಎತ್ತಿದ ಹಾಗೆ ಅನಿಸಿತು.

"ಜೊತೆಗೆ ಯಾರು ಬರ್ತಾರೆ?"

"ಅಕ್ಕ."

ಆ ಕಡೆ ಸ್ವಲ್ಪ ಹೊತ್ತು ನೀರಿನ ಪಂಪಿನ ಸದ್ದಷ್ಟೇ ಕೇಳಿಸಿತು. ಆಮೇಲೆ ಗ್ರೇಡಿ ಅಂದ: "ಸರಿ, ಕೇಳಿಸ್ಕೋ. ದೊಡ್ಡ ಕಾಲುವೇಲಿ ಹೋಗ್ತಾ ಸಿಡಿಲು ಬಡಿದ ಸೈಪ್ರಸ್ ಮರ ಸಿಗತ್ತೆ, ನೆತ್ತಿ ಇಲ್ಲ ಅದಕ್ಕೆ. ಎಲ್ಲಾರೂ ಅಲ್ಲಿ ಬಲಕ್ಕೆ ಹೋಗ್ತಾರೆ. ನೀನು ಎಡಕ್ಕೆ ತಿರುಗು. ಒಳಗೆ ಒಂದು ತೆರಪಿದೆ. ನೆಲ ಗಟ್ಟಿ, ಮಿಸ್ ನಿಂತ್ಕೋಬಹುದು. ಬಿಸಿಲು ಬೆನ್ನಿಗೆ ಬೀಳತ್ತೆ, ಕಣ್ಣಿಗೆ ಹೊಡೆಯಲ್ಲ. ಮತ್ತೆ, ಅವಸರ ಮಾಡಬೇಡ. ಬೆಳಕು ಹರಿದ ಮೇಲೆ ನಿಧಾನಕ್ಕೆ ಬಂದ್ರೂ ನಡೆಯತ್ತೆ."

ಓಡೆಲ್ ಫೋನಿಟ್ಟು ಬಹಳ ಹೊತ್ತು ನಕ್ಷೆಯ ಮುಂದೆ ಕೂತ. ಅವನಿಗೆ ಸುಳ್ಳಿನ ಅಂಗಾಂಗವೂ ಗೊತ್ತಿತ್ತು. ನಿಜವನ್ನು ಯಾರೂ ಇಷ್ಟು ಬಿಡಿಸಿ ಹೇಳುವುದಿಲ್ಲ. ಮರ, ನೆತ್ತಿ, ನೆಲ, ಬಿಸಿಲು ಅಂತ ಒಗ್ಗರಣೆ ಹಾಕುವುದು ಸುಳ್ಳಿಗೇ. ಬೀವರ್ ಕೊಳಕ್ಕೆ ಕಳಿಸುವಾಗ ತಾನೂ ಬಿದ್ದ ಮರ, ಮುರಿದ ಬೇಲಿ ಅಂತೆಲ್ಲ ಹೇಳಿರಲಿಲ್ಲವೇ? ಮಾತಿಗೆ ಮುಂಚೆ ಅವನು ಸುಮ್ಮನಾಗಿದ್ದು ಕತೆ ಹೆಣೆಯಲಿಕ್ಕೆ. ಎಲ್ಲಕ್ಕಿಂತ, ನಿಧಾನಕ್ಕೆ ಬಾ ಅಂದನಲ್ಲ! ಸರ್ಕಾರಿ ಜೌಗಿನಲ್ಲಿ ಕೊನೆಯ ದಿನ ಬೆಳಕು ಹರಿದ ಮೇಲೆ ಹೋದವನಿಗೆ ಬಾತಿನ ಪುಕ್ಕವೂ ಸಿಗುವುದಿಲ್ಲ ಅಂತ ತೊಟ್ಟಿಲ ಕೂಸಿಗೂ ಗೊತ್ತು. ತಾ ಕಳ್ಳ, ಪರರ ನಂಬ ಅನ್ನುವ ಗಾದೆ ಓಡೆಲ್‌ನಂಥವರನ್ನು ನೋಡಿಯೇ ಹುಟ್ಟಿರಬೇಕು. ಬಲಕ್ಕೇ ಹೋಗುವುದು ಅಂತ ಓಡೆಲ್ ತೀರ್ಮಾನಿಸಿದ.

ಲೂರೀನ್ ಒಪ್ಪಲಿಲ್ಲ. "ನಾನು ಪೀಪಿ ಕಲಿಸಿದ ಹುಡುಗ ಅವನು. ಗ್ರೇಡಿ ನಂಗೆ ಸುಳ್ಳು ಹೇಳಲ್ಲ ಕಣೋ."

"ನಿಂಗೆ ಹೇಳಿಲ್ಲ ಅಕ್ಕ, ನಂಗೆ ಹೇಳಿದ್ದು."

"ಎಡಕ್ಕೇ ತಿರುಗಿಸು. ಮಾತು ಕೊಡು." ಅವನು ಆಯ್ತು ಅಂದ.

ಹಿಂದಿನ ದಿನವೇ ಹೋಗಿ ದೋಣಿಕಟ್ಟೆಯ ಹತ್ತಿರ ಟ್ರಕ್ಕಿನಲ್ಲೇ ಮಲಗಿದರು. ಆ ಕಾಡಿನೊಳಗೆ ಫೋನು ಹಿಡಿಯುವುದಿಲ್ಲ. ಇನ್ನೂ ಕತ್ತಲಿರುವಾಗ ಓಡೆಲ್ ಅಕ್ಕನಿಗೆ ಎದೆಮಟ್ಟದ ರಬ್ಬರ್ ಉಡುಪು ತೊಡಿಸಿ, ಹಣೆಗೆ ದೀಪ ಕಟ್ಟಿಕೊಂಡು ದೋಣಿ ಬಿಟ್ಟ. ನೆತ್ತಿಯಿಲ್ಲದ ಸೈಪ್ರಸ್ ಮರ ಸಿಕ್ಕಿತು. ಮರವೇನೋ ನಿಜ, ಆದರೆ ಒಳ್ಳೆಯ ಸುಳ್ಳಿಗೂ ಒಂದು ನಿಜದ ಗೂಟ ಬೇಕಲ್ಲ. "ತಿರುಗಿಸಿದ್ಯಾ ಎಡಕ್ಕೆ?" ಅಂತ ಕೇಳಿದಳು ಲೂರೀನ್. ಹೂಂ ಅಂದ ಓಡೆಲ್, ಬಲಕ್ಕೆ ತಿರುಗಿಸುತ್ತ. ಅವಳ ಒಳ್ಳೆಯದಕ್ಕೇ ಅಂತ ಅವನು ದೇವರಾಣೆಗೂ ನಂಬಿದ್ದ.

ಹುಸಿ ಬಾತುಗಳನ್ನು ನೀರಿಗೆ ಬಿಟ್ಟು, ಅಕ್ಕನನ್ನು ಓಕ್ ಮರಕ್ಕೆ ಒರಗಿಸಿ ನಿಲ್ಲಿಸಿದ. ಅವಳು ಪೀಪಿ ಊದಿದಳು. ಅವಳ ಊದು ಇನ್ನೂ ಹಾಗೇ ಇತ್ತು. ಓಡೆಲ್ ಕಾಲಿನಿಂದ ನೀರು ಅಲ್ಲಾಡಿಸಿದ. ಆಕಾಶ ಬೆಳಗಾಯಿತು. ಹಿಂಡುಗಳು ಮೇಲೆ ಬಂದವು, ಒಂದು ಸುತ್ತು ಹಾಕಿದವು, ಕಾಲುವೆಯ ಎಡಗಡೆಯ ಕಾಡಿಗೆ ಹೋದವು. ಮತ್ತೆ ಬಂದವು, ಮತ್ತೆ ಅತ್ತಲೇ ಹೋದವು. ಇವರ ಪಕ್ಕದಲ್ಲಿ ಇನ್ನೂ ಯಾರ್‍ಯಾರೋ ದೋಣಿ ಕಟ್ಟಿದ್ದರು, ಎತ್ತರದಲ್ಲಿ ಹೋಗುವ ಹಿಂಡಿಗೆಲ್ಲ ಗುಂಡು ಹಾರಿಸುತ್ತಿದ್ದರು.

"ಅಲ್ಲಿ ಇಳೀತಿವೆ," ಅಂದಳು ಲೂರೀನ್. "ರೆಕ್ಕೆ ಸದ್ದು ಕೇಳ್ತಿದೆ ನಂಗೆ."

"ಇಳಿದ್ರೆ ಗುಂಡಿನ ಸದ್ದು ಬರಬೇಕಲ್ಲ ಅಕ್ಕ. ಒಂದೂ ಬಂದಿಲ್ಲ ಆ ಕಡೆಯಿಂದ. ಅಲ್ಲೇನೂ ಇಲ್ಲ."

ಅವಳು ಪೀಪಿಯನ್ನು ಎದೆಯ ಮೇಲೆ ಬಿಟ್ಟಳು. ಮರಗಳ ಸಂದಿನಿಂದ ಬಿಸಿಲು ಬಂದು ನೇರ ಅವಳ ಮೇಲೆ ಬಿತ್ತು.

"ಬಿಸಿಲು ಬೆನ್ನಿಗೆ ಬೀಳತ್ತೆ ಅಂದಿದ್ದನಂತಲ್ಲೋ ಓಡೆಲ್," ಅಂದಳು. "ನನ್ನ ಮುಖಕ್ಕೆ ಬೀಳ್ತಿದೆ."

ಓಡೆಲ್ ಅಕ್ಕನನ್ನು ದೋಣಿಗೆ ಹತ್ತಿಸಿದ. ಎಡಕ್ಕೆ ಹೋಗಬೇಕೆಂದರೆ ಮತ್ತೆ ಕಾಲುವೆ ಸುತ್ತಿ ಬರಬೇಕು. ಹೊರಟ. ಗಾಬರಿಯಲ್ಲಿ ಮೋಟಾರಿಗೆ ಕೊರಡು ಬಡಿದು ಅದರ ಪಂಖ ಹಿಡಿಯುವ ಪಿನ್ನು ಮುರಿಯಿತು. ಊರಿನ ಮೋಟಾರುಗಳನ್ನೆಲ್ಲ ರಿಪೇರಿ ಮಾಡುವವನ ಕೈಯಿಂದಲೇ ಹೊಸ ಪಿನ್ನು ಜಾರಿ ನೀರಿಗೆ ಬಿತ್ತು. ಹುಟ್ಟು ಹಾಕುತ್ತ, ದೇವರೇ ಇನ್ನೊಂದು ಗಳಿಗೆ ಕೊಡು ಅಂತ ಬೇಡಿಕೊಳ್ಳುತ್ತ ಸೈಪ್ರಸ್ ಮರದವರೆಗೆ ಬರುವಷ್ಟರಲ್ಲಿ ಹಿಂಡುಗಳೆಲ್ಲ ಎದ್ದು ಭತ್ತದ ಗದ್ದೆಗಳ ಕಡೆ ಹೋಗಿಬಿಟ್ಟಿದ್ದವು. ಎಡಗಡೆಯಿಂದ ಒಂದು ದೋಣಿ ಹೊರಗೆ ಬರುತ್ತಿತ್ತು. ಅದರಲ್ಲಿ ಗ್ರೇಡಿ ಟ್ಯಾಲಿ ಒಬ್ಬನೇ ಕೂತಿದ್ದ. ಮೀಸೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಬಂದೂಕು ಇನ್ನೂ ಚೀಲದಲ್ಲೇ ಇತ್ತು.

"ಎಲ್ಲಿ ಹೋದ್ರಿ ಮಿಸ್?" ಅಂದ. "ರಾತ್ರಿಯಿಂದ ಅಲ್ಲೇ ಕೂತಿದ್ದೆ, ನಿಮಗೆ ಜಾಗ ಹಿಡ್ಕೊಂಡು. ಬಂದೋರಿಗೆಲ್ಲ ದೀಪ ತೋರಿಸಿ ಆಚೆ ಕಳಿಸ್ದೆ. ಕಣ್ಣಿನ ವಿಷಯ ಚರ್ಚಿನವರು ಹೇಳಿದ್ರು ನಂಗೆ."

"ಒಂದೂ ಹೊಡೀಲಿಲ್ವಾ?" ಅಂದ ಓಡೆಲ್.

"ಹೊಡೆದ್ರೆ ಹಾರಿಹೋಗಲ್ವಾ? ಮಿಸ್ ಬರೋವರೆಗೂ ಇರಲಿ ಅಂತ ಬಿಟ್ಟೆ."

ಲೂರೀನ್ ತಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಗ್ರೇಡಿಯ ದೋಣಿಯ ಅಂಚನ್ನು ತಡವಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ಹೆಂಗೆ ಇಳಿದ್ವು, ಹೇಳು," ಅಂದಳು. "ಸುಳ್ಳು ಸೇರಿಸಬೇಡ."

"ಸೇರಿಸಲ್ಲ ಮಿಸ್. ಮೊದಲು ಒಂದು ಸುತ್ತು ಹಾಕಿದ್ವು. ನಾನು ನೀರು ಕೂಡ ಅಲ್ಲಾಡಿಸಲಿಲ್ಲ. ಆಮೇಲೆ ರೆಕ್ಕೆ ಬಾಗಿಸಿ, ಕಾಲು ಮುಂದಕ್ಕೆ ಚಾಚ್ಕೊಂಡು, ಕೊಂಬೆಗಳ ಮಧ್ಯೆ ಒಂದರ ಹಿಂದೆ ಒಂದು. ಬಿಸಿಲು ಆಗತಾನೇ ಬಿದ್ದಿತ್ತು ನೋಡಿ, ತಲೆಗಳೆಲ್ಲ ಹಸಿರು ಹೊಳೀತಿದ್ವು..."

ಲೂರೀನ್ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ನಡುವೆ ಒಮ್ಮೆ ಮುಖ ತಿರುಗಿಸಿ, "ನೀನೂ ಕೇಳೋ ಓಡೆಲ್," ಅಂದಳು. ಓಡೆಲ್ ಹುಟ್ಟು ಹಿಡಿದುಕೊಂಡು ದೋಣಿಯ ಆ ತುದಿಯಲ್ಲಿ ಕೂತಿದ್ದ. ಕೇಳುತ್ತಲೇ ಇದ್ದ, ಪ್ರತಿಯೊಂದು ಮಾತನ್ನೂ ನಂಬುತ್ತಿದ್ದ.