ಗೇರ್‌ಬಾಕ್ಸ್ ಅಕ್ಕ ಮತ್ತು ಅಳಿಯನ ಎತ್ತರದ ಗಾಡಿ

1988ರ ಮಾರ್ಚ್ 14, ಸೋಮವಾರ ಬೆಳಿಗ್ಗೆ ನಗರ ಬಸ್ ಡಿಪೋದ ಮೂರನೆಯ ಶೆಡ್ಡಿಗೆ ಕಾಲಿಟ್ಟ ಆ ಹೆಂಗಸು 2018ರ ಜೂನ್ 30, ಶನಿವಾರ ಸಂಜೆ ಅಲ್ಲಿಂದ ನಿವೃತ್ತರಾಗಿ ಹೊರಬಂದರು. ಎರಡೂ ದಿನಗಳನ್ನು ಸೇರಿಸಿ ಲೆಕ್ಕ ಹಾಕಿದರೆ ಮೂವತ್ತು ವರ್ಷ, ಮೂರು ತಿಂಗಳು, ಹದಿನೇಳು ದಿನ. ಅಷ್ಟೂ ಕಾಲ ಅವರು ಮಾಡಿದ್ದು ಗೇರ್‌ಬಾಕ್ಸ್ ಬಿಚ್ಚುವುದು, ಜೋಡಿಸುವುದು. ಬೀದಿಯವರಿಗೆ ಅವರು ಗೇರ್‌ಬಾಕ್ಸ್ ಅಕ್ಕ. ಅಳಿಯನಿಗೆ ಮಾತ್ರ, ಸ್ವಲ್ಪ ಭಯ ಬೆರೆತ ಗೌರವದ ಅತ್ತೆ.

ಅಳಿಯ ಅಂಗಡಿಗಳಿಗೆ ಬೋರ್ಡು ಬರೆಯುವವನು. 2019ರ ಸೆಪ್ಟೆಂಬರ್ 2ರಂದು ತನ್ನ ಪಿಕಪ್ ಗಾಡಿಯನ್ನು ಒಂದು ಗ್ಯಾರೇಜಿನಲ್ಲಿ ಮೂರು ಅಂಗುಲ ಎತ್ತರಿಸಿ, ಮೂವತ್ತೈದು ಅಂಗುಲದ ಟೈರು ಹಾಕಿಸಿ, ಮುಂದೆ ನಾಲ್ಕು ದೊಡ್ಡ ಲೈಟು ಕಟ್ಟಿಸಿಕೊಂಡು ಬಂದ. ಅದನ್ನು ನೋಡಿದವರು ನಾಲ್ಕೂ ಚಕ್ರ ಎಳೆಯುವ ಗಾಡಿಯೆಂದು ಬೆರಗಾಗುತ್ತಿದ್ದರು. ಎಳೆಯುತ್ತಿದ್ದುದು ಹಿಂದಿನ ಎರಡೇ. ಅವನು ಯಾರನ್ನೂ ತಿದ್ದಲು ಹೋಗಲಿಲ್ಲ.

ಎತ್ತರ ಬರೀ ಜಂಬಕ್ಕಲ್ಲ ಎಂಬುದನ್ನು ಅತ್ತೆಯೂ ಒಪ್ಪಿದ್ದರು. ಮಗಳು ಕಣ್ಣಿನ ಡಾಕ್ಟರು. ಅವಳ ಕ್ಲಿನಿಕ್ಕು ಇರುವುದೇ ಒಂದು ಟ್ರೇಲರಿನಲ್ಲಿ: ಪರೀಕ್ಷೆಯ ಕುರ್ಚಿ, ಅಕ್ಷರಗಳ ಪಟ್ಟಿ, ಕನ್ನಡಕದ ಗಾಜು ಉಜ್ಜುವ ಯಂತ್ರ, ಎಲ್ಲ ಸೇರಿ ಎರಡು ಟನ್ನಿಗೆ ನಲವತ್ತು ಕಿಲೋ ಕಡಿಮೆ. ಬೆಟ್ಟದ ಮೇಲಿನ ಕಲ್ಲುಗಣಿಯಲ್ಲಿ ಕೆಲಸ ಮಾಡುವವರ ಕಣ್ಣು ನೋಡುವುದಾಗಿ ಅವಳು ಮಾತು ಕೊಟ್ಟಿದ್ದಳು. ಹನ್ನೊಂದು ಕಿಲೋಮೀಟರ್ ಡಾಂಬರಿನ ಏರು, ಆಮೇಲೆ ಎರಡು ಕಿಲೋಮೀಟರ್ ಗೇಣೆತ್ತರದ ಕಲ್ಲುಗಳ ದಾರಿ. ತಗ್ಗು ಗಾಡಿಗೆ ಆ ದಾರಿ ಬಗ್ಗುವಂಥದ್ದಲ್ಲ.

ಅಕ್ಟೋಬರ್ 9, ಬುಧವಾರ ಪಿಕಪ್ಪಿಗೆ ಟ್ರೇಲರ್ ಕಟ್ಟಿಕೊಂಡು ಹೊರಟವರು ಒಂಬತ್ತನೆಯ ಕಿಲೋಮೀಟರಿನಲ್ಲಿ ಕೈ ಚೆಲ್ಲಿ ಕುಳಿತರು. ರೇಡಿಯೇಟರ್ ಕುದಿಯಿತು, ಗೇರಿನ ಎಣ್ಣೆ ಸೀದ ವಾಸನೆ ಬಿಟ್ಟಿತು. ಮೇಲೆ ಒಂದು ದಿನದ ಕೂಲಿ ಬಿಟ್ಟು ಸಾಲಾಗಿ ನಿಂತಿದ್ದವರು ಸಂಜೆಗೆ ಮನೆಗೆ ಹೋದರು. ಗಣಿಯ ಮೇಸ್ತ್ರಿ ಫೋನಿನಲ್ಲಿ ಒರಟಾಗೇನೂ ಮಾತಾಡಲಿಲ್ಲ. ನವೆಂಬರ್ 16, ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ ಇನ್ನೊಮ್ಮೆ ಜನರನ್ನು ಸಾಲು ನಿಲ್ಲಿಸುತ್ತೇನೆ, ಆಗಲೂ ನೀವು ಬರದಿದ್ದರೆ ಮೂರನೆಯ ಸಲ ಅವರನ್ನು ಕರೆಯಲು ನನಗೆ ಮುಖವಿಲ್ಲ ಎಂದಷ್ಟೇ ಹೇಳಿದ. ಮಗಳು ಆ ರಾತ್ರಿ ಊಟಕ್ಕೆ ಕೂರಲಿಲ್ಲ.

ಎತ್ತರಿಸಿದ ಗ್ಯಾರೇಜಿನವರು ಇನ್ನೂ ದೊಡ್ಡ ರೇಡಿಯೇಟರ್ ಹಾಕಿಸಿ ಎಂದರು. ಅತ್ತೆ ಆ ಮಾತಿಗೆ ಮೂಗು ಮುರಿದು, ಅಕ್ಟೋಬರ್ 13, ಭಾನುವಾರ ಎಂಜಿನ್ ಚಾಲೂ ಮಾಡಿಸಿ, ಹಳೆಯ ಪೇಪರಿನ ಹಾಳೆಯೊಂದನ್ನು ರೇಡಿಯೇಟರಿನ ಮುಂದೆ ಹಿಡಿದರು. ಕೆಳಗೆ ಹಿಡಿದಾಗ ಹಾಳೆ ಪಟ್ಟನೆ ಅಂಟಿಕೊಂಡಿತು. ಮೇಲೆ ಹಿಡಿದಾಗ ಜೋಲುಬಿದ್ದು ನೆಲಕ್ಕೆ ಜಾರಿತು. ಅರವತ್ತೊಂದು ವರ್ಷದ ಮುಖದಲ್ಲಿ ಎಳೆ ಹುಡುಗಿಯ ಹಿಗ್ಗು ಮೂಡಿತು. ದಿಮ್ಮಿ ಕೊಟ್ಟು ಎತ್ತರಿಸಿದ್ದು ಗಾಡಿಯ ಮೈಯನ್ನು. ಅದರ ಜೊತೆ ರೇಡಿಯೇಟರ್ ಮೂರು ಅಂಗುಲ ಮೇಲೇರಿತ್ತು. ಫ್ಯಾನು ಮಾತ್ರ ಎಂಜಿನ್ನಿನ ಜೊತೆ ಹಳೆಯ ಜಾಗದಲ್ಲೇ ಉಳಿದು, ಬರೀ ಕೆಳಭಾಗದ ಗಾಳಿಯನ್ನು ಎಳೆಯುತ್ತಿತ್ತು.

ರೇಡಿಯೇಟರನ್ನು ಸರಿಯಾಗಿ ಮೂರು ಅಂಗುಲ ಇಳಿಸಿ ಕೂರಿಸಿದರು. ಗಾಳಿಗೆ ಅಡ್ಡವಾಗಿದ್ದ ನಾಲ್ಕು ಲೈಟುಗಳನ್ನೂ ಬಿಚ್ಚಿಸಿದರು. ಅಳಿಯ ಅವನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸುಗಳಂತೆ ಒಳಗೆ ಒಯ್ದ. ಗೇರಿನ ಎಣ್ಣೆಯನ್ನು ತಣಿಸಲು ಪ್ರತ್ಯೇಕ ಕೂಲರು, ಅದರ ಬಿಸಿ ತೋರಿಸುವ ಒಂದು ಮುಳ್ಳು ಬಂದವು.

ಆದರೂ ಅರ್ಧ ಕೆಲಸ ಉಳಿದಿತ್ತು. ಟೈರು ದೊಡ್ಡದಾದಷ್ಟೂ ಎಳೆಯುವ ಶಕ್ತಿ ಕುಗ್ಗುತ್ತದೆ. ಏರಿನಲ್ಲಿ ಈ ಆಟೋಮ್ಯಾಟಿಕ್ ಗಾಡಿ ತಾನಾಗಿ ಮೂರನೆಯ ಗೇರಿಗೆ ಬಂದು, ಮತ್ತೆ ನಾಲ್ಕಕ್ಕೆ ಹಾರಿ, ಮತ್ತೆ ಮೂರಕ್ಕೆ ಬಿದ್ದು ಒದ್ದಾಡುತ್ತದೆ. ಆ ಒದ್ದಾಟವೇ ಎಣ್ಣೆಯನ್ನು ಸುಡುವುದು. ಹಿಂದಿನ ಆ್ಯಕ್ಸಲಿನ ಕ್ರೌನ್-ಪಿನಿಯನ್, ಅಂದರೆ ಒಂದಕ್ಕೊಂದು ಕಚ್ಚಿ ಚಕ್ರ ತಿರುಗಿಸುವ ದೊಡ್ಡ, ಚಿಕ್ಕ ಗೇರುಗಳ ಜೋಡಿಯನ್ನೇ ಬದಲಿಸಬೇಕೆಂದು ಅತ್ತೆ ತೀರ್ಮಾನಿಸಿದರು. ಹಳೆಯದರಲ್ಲಿ ಚಕ್ರದ ಒಂದು ಸುತ್ತಿಗೆ ಶಾಫ್ಟು ಮೂರು ಮುಕ್ಕಾಲು ಸುತ್ತು ತಿರುಗುತ್ತಿತ್ತು, ಹೊಸದರಲ್ಲಿ ನಾಲ್ಕೂವರೆ, ಅಂದರೆ ಎಳೆತವೂ ಅಷ್ಟು ಹೆಚ್ಚು. ಜೋಡಿ ಬಂದದ್ದು ನವೆಂಬರ್ 5, ಮಂಗಳವಾರ. ಕೂರಿಸಿ ಮುಗಿದದ್ದು 7, ಗುರುವಾರ.

10ರಂದು ಟ್ರೇಲರ್ ಕಟ್ಟಿ ಬೆಟ್ಟ ಹತ್ತಿಸಿ ನೋಡೋಣವೆಂದು ಮಗಳು ಹೇಳಿದಳು. ಅವಳ ಆತಂಕ ನ್ಯಾಯವಾದದ್ದೇ. ಅತ್ತೆ ಮಾತ್ರ ಕಡ್ಡಿ ಮುರಿದಂತೆ ಆಗದು ಎಂದರು: ಭಾರ ಎಳೆಯುವ ಮೊದಲು ಎಂಟುನೂರು ಕಿಲೋಮೀಟರ್ ಬರಿಗಾಡಿ ಓಡಬೇಕು.

"ಅಮ್ಮ, ನೀನೀಗ ಡಿಪೋದಲ್ಲಿಲ್ಲ. ನನಗಿರೋದು ಒಂದೇ ದಿನ."

"ಅದಕ್ಕೇ ಹೇಳ್ತಿರೋದು ಕಣೇ. ಹೊಸ ಗೇರು ಒಂದಕ್ಕೊಂದು ಉಜ್ಜಿ ಹೊಂದ್ಕೋಬೇಕು. ಈಗಲೇ ಭಾರ ಹೇರಿದ್ರೆ ಸುಟ್ಟು ಕೂತ್ಕೊಳುತ್ತೆ, ಆಮೇಲೆ ಆ ಒಂದು ದಿನಾನೂ ಇಲ್ಲ."

"ನಮ್ಮಿಬ್ಬರಿಗೆ ಹೊಂದ್ಕೊಳ್ಳೋಕೆ ನೀವು ಇಷ್ಟು ಟೈಮ್ ಕೊಡಲಿಲ್ಲ ಅತ್ತೆ," ಎಂದ ಅಳಿಯ. "ನಿಶ್ಚಯ ಆಗಿ ಇಪ್ಪತ್ತೇ ದಿನಕ್ಕೆ ಮದುವೆ."

"ನಿಮಗೆ ಗ್ಯಾರಂಟಿ ಕೇಳಿರಲಿಲ್ಲ, ಅಳಿಯಂದಿರೇ."

ಮಗಳಿಗೆ ಕೋಪದ ನಡುವೆಯೂ ನಗು ತಡೆಯಲಾಗಲಿಲ್ಲ.

8ರಿಂದ 13ರವರೆಗೆ ಅತ್ತೆ, ಅಳಿಯ ಊರ ಹೊರವಲಯದ ರಸ್ತೆಯಲ್ಲಿ ಗಾಣದ ಎತ್ತಿನಂತೆ ಸುತ್ತಿದರು. ಮೊದಲ ದಿನ ಇಪ್ಪತ್ತೈದು ಕಿಲೋಮೀಟರಿಗೊಮ್ಮೆ ನಿಲ್ಲಿಸಿ, ಆ್ಯಕ್ಸಲು ಪೂರ್ತಿ ತಣಿಯುವ ತನಕ ಕಾಯುವುದು. ಅರವತ್ತರ ಮೇಲೆ ವೇಗವಿಲ್ಲ. ಅಷ್ಟೆತ್ತರದ ಗಾಡಿಯನ್ನು ಹಾಲಿನ ಮೊಪೆಡ್ಡು ಹಿಂದೆ ಹಾಕಿ ಹೋದಾಗ ಅಳಿಯ ಮುಖ ಊದಿಸಿಕೊಂಡ. ಅತ್ತೆ ಕಿಟಕಿಯಿಂದ ಹಾಲಿನವನಿಗೆ ಕೈ ಬೀಸಿದರು. 14ರಂದು ಆ್ಯಕ್ಸಲಿನ ಎಣ್ಣೆ ಬಸಿದು ಹೊಸದು ತುಂಬಿದ್ದಾಯಿತು.

16ರ ಬೆಳಿಗ್ಗೆ ಬೆಟ್ಟದ ಬುಡ ಮುಟ್ಟಿದಾಗ ಏಳು ಐವತ್ತು. ಗೇರಿನ ಎಣ್ಣೆಯ ಮುಳ್ಳು ತೊಂಬತ್ತೊಂದು ಡಿಗ್ರಿಯಲ್ಲಿತ್ತು. ನೂರ ಇಪ್ಪತ್ತು ತೋರಿಸಿದರೆ ನಿಲ್ಲಿಸಲೇಬೇಕೆಂದು ಅತ್ತೆ ಮೊದಲೇ ಹೇಳಿದ್ದರು. ಹಿಂದಿನ ಸೀಟಿನಲ್ಲಿ ಮಗಳು ಮುಳ್ಳನ್ನು ನೋಡಲಾರದೆ, ನೋಡದಿರಲೂ ಆರದೆ ಕುಳಿತಿದ್ದಳು. ನಾಲ್ಕನೆಯ ಕಿಲೋಮೀಟರಿನಲ್ಲಿ ತೊಂಬತ್ತೆಂಟು. ಏಳರಲ್ಲಿ ನೂರ ನಾಲ್ಕು. ಎಂಟು ದಾಟಿ ಕಡಿದಾದ ತಿರುವು ಬಂದಾಗ ಹಿಂದೆ ನಾಲ್ಕಾರು ಕಾರುಗಳು ಹಾರ್ನು ಬಾರಿಸತೊಡಗಿದವು. ಅಳಿಯನ ಕಾಲು ತಾನಾಗಿ ಆ್ಯಕ್ಸಿಲರೇಟರ್ ಒತ್ತಿತು, ಗೇರು ಒಮ್ಮೆ ಮೇಲೆ ಹೋಗಿ ಕೆಳಗೆ ಬಿತ್ತು. ಮುಳ್ಳು ನೂರ ಹದಿಮೂರಕ್ಕೆ ಜಿಗಿಯಿತು.

"ಎರಡಕ್ಕೆ ಹಾಕಿ, ಅಲ್ಲೇ ಇಟ್ಕೊಳ್ಳಿ," ಎಂದರು ಅತ್ತೆ.

"ಎಂಜಿನ್ ಕಿರಿಚ್ಕೊಳುತ್ತೆ ಅತ್ತೆ."

"ಕಿರಿಚ್ಲಿ ಬಿಡಿ. ಎಂಜಿನ್ ಜೋರಾಗಿ ತಿರುಗಿದ್ರೆ ಫ್ಯಾನೂ ಜೋರಾಗಿ ತಿರುಗುತ್ತೆ, ಗಾಳಿ ಬರುತ್ತೆ. ಹಿಂದಿನವ್ರು ಬೇಕಾದ್ರೆ ಹಾರ್ನಲ್ಲೇ ಮನೆ ಕಟ್ಕೊಳ್ಳಲಿ."

ಅಳಿಯ ಎರಡಕ್ಕೆ ಇಳಿಸಿದ. ಎಂಜಿನ್ನಿನ ಆರ್ಭಟಕ್ಕೆ ಕಿಟಕಿಯ ಗಾಜು ಅದುರಿತು. ನೂರ ಹದಿನಾಲ್ಕು. ಒಂಬತ್ತನೆಯ ಕಿಲೋಮೀಟರ್ ಕಲ್ಲು, ಹೋದ ಸಲ ಗಾಡಿ ಕೂತಿದ್ದ ಜಾಗ, ನಿಧಾನವಾಗಿ ಹಿಂದೆ ಸರಿಯಿತು. ನೂರ ಹದಿನಾಲ್ಕು. ಆಮೇಲೆ ಹದಿಮೂರು. ಹತ್ತನೆಯ ಕಲ್ಲಿನ ಹೊತ್ತಿಗೆ ನೂರ ಒಂಬತ್ತು. ಮಗಳು ಹಿಂದಿನಿಂದ ಎರಡೂ ಕೈ ಚಾಚಿ ಅಮ್ಮನ ಭುಜಗಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ, ಅತ್ತೆ ನೋವಾಗುತ್ತದೆಂದು ಹೇಳಬೇಕಾಯಿತು.

ಕಲ್ಲುದಾರಿಯಲ್ಲಿ ಎತ್ತರ ತನ್ನ ಮಾನ ಉಳಿಸಿಕೊಂಡಿತು. ಅಡಿಗೆ ಒಂದು ಕಲ್ಲೂ ತಗಲಲಿಲ್ಲ. ಗಣಿಯ ಬಯಲಿನಲ್ಲಿ ನಿಂತಾಗ ಎಂಟು ಐವತ್ತೆರಡು. ಎಂಜಿನ್ ಆಫ್ ಮಾಡಹೋದ ಅಳಿಯನ ಕೈ ತಡೆದ ಅತ್ತೆ, ಮುಳ್ಳು ಇಳಿಯುವ ತನಕ ಐದು ನಿಮಿಷ ಅದನ್ನು ಹಾಗೇ ಓಡಗೊಟ್ಟರು. ಅಷ್ಟರಲ್ಲಿ ಮಗಳು ಕೆಳಗೆ ಹಾರಿ, ಟ್ರೇಲರಿನ ಬಾಗಿಲು ತೆರೆದು, ಬಿಳಿ ಕೋಟಿಗೆ ಒಂದೇ ತೋಳು ತೂರಿಸಿಕೊಂಡೇ ಮೊದಲನೆಯವರನ್ನು ಕರೆದಾಗಿತ್ತು.

ಮೊದಲನೆಯವರು ಇಪ್ಪತ್ತಾರು ವರ್ಷ ಕಲ್ಲು ಒಡೆದ ಹೆಂಗಸು. ಒಳಗಿನಿಂದ ಗಾಜು ಬದಲಿಸುವ ಸದ್ದು, ಎಷ್ಟನೆಯ ಸಾಲು ಕಾಣುತ್ತದೆ ಎಂಬ ಪ್ರಶ್ನೆ. ಬಳಿಕ ಆ ಹೆಂಗಸು ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದತೊಡಗಿದರು. ಹೊರಗಿನ ಸಾಲು ಕಿವಿಗೊಟ್ಟು ನಿಂತಿತು. ಕಡೆಯ ಸಾಲಿನ ಅಕ್ಷರಗಳೂ ಕೇಳಿಬಂದಾಗ ಯಾರೋ ಶಿಳ್ಳೆ ಹೊಡೆದರು.

ಮೇಸ್ತ್ರಿ ಅಳಿಯನ ಬಳಿ ಬಂದು, ನೀವು ಡಾಕ್ಟರಮ್ಮನ ಡ್ರೈವರೋ ಎಂದು ಕೇಳಿದ.

"ಹೌದು," ಎಂದ ಅಳಿಯ, ಬೆವರೊರೆಸಿಕೊಳ್ಳುತ್ತ. "ಮೇಲಧಿಕಾರಿ ಅಲ್ಲಿ ಗಾಡಿ ಕೆಳಗೆ ಮಲಗಿದಾರೆ, ನೋಡಿ."