ಅವನು ಶ್ರುತಿ ಇಳಿಸಿದ ವರ್ಷ

ಹದಿನಾರನೆಯ ವಯಸ್ಸಿನಲ್ಲಿ ಕಾಲೇಜಿನ ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ಟಿನಿಂದ ಹತ್ತಿದ ಹುಚ್ಚು ಇದು. ಸಮುದ್ರದಾಚೆಯ ಒಂದು ರಾಕ್ ಬ್ಯಾಂಡು, ಅದರ ಗಾಯಕ. ಅವನ ದನಿ ತಾರಕಕ್ಕೇರಿದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಬ್ಯಾಂಕಿನ ಕೆಲಸ, ಮದುವೆ, ಜಯನಗರದ ಬಾಡಿಗೆ ಮನೆ, ಆಮೇಲೆ ಜೆ.ಪಿ. ನಗರದಲ್ಲಿ ಫ್ಲ್ಯಾಟು, ಇಷ್ಟೆಲ್ಲ ಆದರೂ ಹುಚ್ಚು ಬಿಡಲಿಲ್ಲ. ನನ್ನ ಹೆಂಡತಿ ಶನಿವಾರ, ಭಾನುವಾರ ಬೆಳಿಗ್ಗೆ ಮನೆಯಲ್ಲೇ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಾಳೆ. ಅವಳ ಪ್ರಕಾರ ನನ್ನ ಗಾಯಕ ಹಾಡುವುದಿಲ್ಲ, ಯಾರನ್ನೋ ಬೈಯುತ್ತಾನೆ. ಈ ವಿಷಯದಲ್ಲಿ ಒಬ್ಬರ ತಂಟೆಗೆ ಒಬ್ಬರು ಹೋಗದೆ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೇವೆ.

ಹೋದ ವರ್ಷ ಆ ಬ್ಯಾಂಡು ಬೆಂಗಳೂರಿಗೆ ಬರುವುದು ಗೊತ್ತಾಯಿತು. ಗಾಯಕನಿಗೆ ಎಪ್ಪತ್ತು ದಾಟಿತ್ತು. ಎರಡು ಟಿಕೆಟ್ ತೆಗೆದೆ. ಈ ವಯಸ್ಸಿನಲ್ಲಿ ಒಬ್ಬನೇ ಹೋಗಲು ಸಂಕೋಚ. ಕಾರ್ಯಕ್ರಮಕ್ಕೆ ಒಂದು ವಾರವಿದ್ದಾಗ, ಬೇರೆ ದೇಶದಲ್ಲಿ ಅವರು ಆಗಷ್ಟೇ ಹಾಡಿದ್ದ ವಿಡಿಯೊ ಹಾಕಿಕೊಂಡು, ಎಂದಿನಂತೆ ಜೊತೆಗೆ ಗಿಟಾರ್ ನುಡಿಸಲು ಕೂತೆ. ಶ್ರುತಿ ಸೇರಲೇ ಇಲ್ಲ. ತಂತಿ ಸಡಿಲವಾಗಿರಬೇಕೆಂದು ಬಿಗಿ ಮಾಡಿದೆ, ಇನ್ನೂ ಕೆಟ್ಟಿತು. ಕೊನೆಗೆ ಆರೂ ತಂತಿಗಳನ್ನು ಒಂದು ಸ್ವರದಷ್ಟು ಇಳಿಸಿದ ಮೇಲೆ ಸೇರಿತು. ಅವನೊಬ್ಬನ ಗಂಟಲಿಗಾಗಿ ಇಡೀ ಬ್ಯಾಂಡು ಕೆಳಗಿಳಿದಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಡುಗೆಮನೆಗೆ ಹೋಗಿ, ಹುರುಳಿಕಾಯಿ ಹೆಚ್ಚುತ್ತಿದ್ದ ಹೆಂಡತಿಯ ಮುಂದೆ ಕೂಗಾಡಿದೆ.

"ನಾನು ಹೋಗಲ್ಲ. ಅವನಿಗೋಸ್ಕರ ಒಂದು ಸ್ವರ ಪೂರ್ತಿ ಇಳಿಸಿದಾರೆ. ಆಗಲ್ಲ ಅಂದ್ರೆ ನಿಲ್ಲಿಸ್ಬೇಕು. ಇದು ಮೋಸ."

"ಶ್ರುತಿ ತಾನೇ ಇಳಿಸಿರೋದು? ಹಾಡೋದು ಬಿಟ್ಟಿಲ್ವಲ್ಲ," ಎಂದಳು. "ನಾನೂ ಇಳಿಸ್ಕೊಂಡಿಲ್ವಾ?"

"ನೀನಾ?"

"ನನ್ನ ಶ್ರುತಿ ಐದೂವರೆ ಮನೆಯಿಂದ ನಾಲ್ಕೂವರೆ ಮನೆಗೆ ಇಳಿದು ಮೂರು ವರ್ಷ ಆಯ್ತಲ್ಲ. ನಿಮ್ಮೋನು ಇಳಿದಷ್ಟೇ. ಮೊದಮೊದ್ಲು ಮಕ್ಕಳ ಮುಂದೆ ಬಾಯಿ ಬಿಡೋಕೇ ನಾಚಿಕೆ ಆಗೋದು." ಹೆಚ್ಚುವುದನ್ನು ನಿಲ್ಲಿಸಿದಳು. "ಪಕ್ಕದ ರೂಮಲ್ಲೇ ಇರ್ತೀರಿ, ನಿಮ್ಗೆ ಗೊತ್ತಾಗ್ದೆ ಇರುತ್ತಾ? ನನಗೆ ಬೇಜಾರಾಗ್ಬಾರ್ದು ಅಂತ ಒಂದು ಮಾತೂ ಎತ್ತಲಿಲ್ಲ ನೀವು. ಅದನ್ನ ನಾನು ಮರ್ತಿಲ್ಲ ರೀ."

ಆ ಮೂರು ವರ್ಷವೂ ಅವಳ ಪಾಠದ ಹೊತ್ತಿನಲ್ಲಿ ನಾನು ಕೋಣೆಯ ಬಾಗಿಲು ಹಾಕಿ, ಹೆಡ್‌ಫೋನ್ ಏರಿಸಿಕೊಂಡು ಈ ಗಾಯಕನನ್ನೇ ಕೇಳುತ್ತಿದ್ದೆ. ಯಾವುದೋ ದೇಶದಲ್ಲಿ ಒಬ್ಬನ ಶ್ರುತಿ ಇಳಿದದ್ದನ್ನು ಹತ್ತು ನಿಮಿಷದಲ್ಲಿ ಪತ್ತೆ ಹಚ್ಚಿದ ಮಹಾಶಯ ನಾನು. ಆಗಲೇ ನಿಜ ಹೇಳಿಬಿಡಬೇಕಿತ್ತು. "ಹೂಂ" ಎಂದು ಹೊರಗೆ ಬಂದೆ.

ಎರಡನೆಯ ಟಿಕೆಟ್ಟಿಗೆ ಅವಳನ್ನೇ ಹೊರಡಿಸಿದೆ. ಶನಿವಾರ ಸಂಜೆ, ಸುತ್ತಲೂ ಕಪ್ಪು ಟೀ ಶರ್ಟಿನ ಜನ, ನಡುವೆ ರೇಷ್ಮೆ ಅಂಚಿನ ಸೀರೆಯುಟ್ಟು ನನ್ನ ಹೆಂಡತಿ. ಅವನು ಬಂದ, ನಿಧಾನವಾಗಿ ನಡೆದು ಮೈಕ್ ಹಿಡಿದ. ಒಂದು ಕಾಲಕ್ಕೆ ಚೀರಿ ಮುಟ್ಟುತ್ತಿದ್ದ ಜಾಗಕ್ಕೆ ಹೋಗದೆ, ಕೆಳಗಿನಿಂದಲೇ ಬಳಸಿ, ಸಾಲನ್ನು ಎಳೆದು ನಿಲ್ಲಿಸಿದ. ನನ್ನ ಕಣ್ಣು ತುಂಬಿತು. ಇಷ್ಟು ದೂರ ಬಂದು ಹಾಡಿದನಲ್ಲ ಎಂದು ಕೃತಜ್ಞತೆ ಉಕ್ಕಿತು.

"ಗಂಟಲು ಹರ್ಕೊಳ್ತಿಲ್ಲ. ತನ್ನ ಅಳತೇಲಿ ಹಾಡ್ತಿದಾನೆ," ಎಂದಳು. ಅವಳ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಇನ್ನು ತಡೆಯಲಾಗಲಿಲ್ಲ. ಚಪ್ಪಾಳೆಯ ಗದ್ದಲದಲ್ಲಿ ಅವಳ ಕಿವಿಯ ಹತ್ತಿರ ಬಗ್ಗಿ, "ನಿನ್ನ ಶ್ರುತಿ ಇಳಿದಿದ್ದು ನನಗೆ ಗೊತ್ತೇ ಆಗಿರ್ಲಿಲ್ಲ ಕಣೆ. ನಾನು ಕೇಳ್ತಾನೇ ಇರ್ಲಿಲ್ಲ," ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಮುಂದಿನ ಹಾಡು ಶುರುವಾಯಿತು. ತಾಳ ನಿಂತುಹೋಗಿತ್ತು.

"ಮೂರು ವರ್ಷದಿಂದ ನಿಮ್ಮನ್ನ ದೊಡ್ಡ ಮನಸ್ಸಿನೋರು ಅಂದ್ಕೊಂಡಿದ್ದೆ," ಎಂದಳು, ಆ ಹಾಡು ಮುಗಿದ ಮೇಲೆ.

ಮಾರನೆಯ ಬೆಳಿಗ್ಗೆ ಮಕ್ಕಳು ಬರುವ ಮೊದಲೇ ನಾನು ಹಾಲ್‌ಗೆ ಹೋಗಿ ಕೂತೆ. ಅವಳು ಬನ್ನಿ ಅನ್ನಲಿಲ್ಲ, ಏಳಿ ಅಂತಲೂ ಅನ್ನಲಿಲ್ಲ. ನಾಲ್ಕೂವರೆ ಮನೆಗೆ ಶ್ರುತಿ ಇಟ್ಟು ಪಾಠ ಶುರುಮಾಡಿದಳು.