ಅಪ್ಪನ ಮಾತು ಮತ್ತು ಎರಡು ಕಾರ್ಡಿನ ಕಂಪ್ಯೂಟರ್

ಪಾರ್ಶ್ವವಾಯು ಬಡಿದು ಅಪ್ಪನ ಮಾತು ನಿಂತುಹೋಗಿತ್ತು. ಲಾಕ್‌ಡೌನಿನ ಕಾಲ. ಆಸ್ಪತ್ರೆಯ ಮೇಡಂ ಒಬ್ಬರು ದಿನಾ ಹತ್ತು ಗಂಟೆಗೆ ವೀಡಿಯೊ ಕರೆ ಮಾಡಿ ಅವರಿಂದ ಒಂದೊಂದೇ ಶಬ್ದ ಹೇಳಿಸುತ್ತಿದ್ದರು. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ನನ್ನ ಹೆಂಡತಿ ಐದನೇ ತರಗತಿಗೆ ಆನ್‌ಲೈನ್ ಪಾಠ ಮಾಡಬೇಕು.

ಒಂದು ಸಂಜೆಯ ಸಿಡಿಲಿಗೆ ನಿಟ್ಟುವಳ್ಳಿಯ ನಮ್ಮ ಮನೆಯ ರೂಟರ್ ಸುಟ್ಟುಹೋಯಿತು. ಅಂಗಡಿಗಳೆಲ್ಲ ಬಂದ್. ಮೊಬೈಲ್ ಸಿಗ್ನಲ್ ನಮ್ಮ ಓಣಿಯಲ್ಲಿ ಬಂದರೆ ಬಂತು. ರೂಟರ್ ಇಲ್ಲದೆ ಇಂಟರ್ನೆಟ್ ವೈರನ್ನು ಒಂದೇ ಯಂತ್ರಕ್ಕೆ ಚುಚ್ಚಬಹುದಿತ್ತು. ಹೆಂಡತಿಯ ಪಾಠ ತಪ್ಪಿಸುವಂತಿರಲಿಲ್ಲ, ವೈರು ಅವಳ ಕೋಣೆಗೇ ಹೋಯಿತು. ಹೀಗೆ ಮೂರು ದಿನ ಅಪ್ಪ ಹತ್ತಕ್ಕೆ ಕನ್ನಡಕ ಹಾಕಿಕೊಂಡು ಕುಳಿತು ಕಾದರು. ಹನ್ನೊಂದಕ್ಕೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಹರಿಹರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನಿಗೆ ಫೋನ್ ಮಾಡಿದೆ. ಡಿಪ್ಲೊಮಾದಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು.

"ಅಟ್ಟದ ಮೇಲೆ ಹಳೇ ಕಂಪ್ಯೂಟರ್ ಐತಲ್ಲ? ಅದನ್ನೇ ರೂಟರ್ ಮಾಡು. ವೈರ್ ಚುಚ್ಚಾಕ ಇನ್ನೊಂದು ನೆಟ್‌ವರ್ಕ್ ಕಾರ್ಡ್ ನಾ ಕಳಿಸ್ತೀನಿ."

"ಹೆಂಗೆ ಕಳಿಸ್ತೀಯಪಾ, ಬಸ್ಸಿಲ್ಲ ರೈಲಿಲ್ಲ."

"ತರಕಾರಿ ಗಾಡಿ ಬರ್ತಾವಲ್ಲ. ಫಿಕರ್ ಮಾಡಬ್ಯಾಡ."

ಮರುದಿನ ಬೆಳಿಗ್ಗೆ ಬದನೆಕಾಯಿಯ ಚೀಲದಲ್ಲಿ, ಉರ್ದು ಪೇಪರಿನಲ್ಲಿ ಸುತ್ತಿದ ಕಾರ್ಡು ಬಂತು. ಜೊತೆಗೆ, ಕಂಪ್ಯೂಟರಿನಿಂದ ಹೊರಡುವ ವೈರನ್ನು ಎರಡಾಗಿಸಲು ಒಂದು ಸಣ್ಣ ಸ್ವಿಚ್ಚು. ಹಳೆಯ ಕಂಪ್ಯೂಟರಿನ ಧೂಳು ಒರೆಸಿ ಕಾರ್ಡು ಕೂರಿಸಿದೆ. ಹೊರಗಿನ ವೈರು ಮೊದಲಿನ ಕಾರ್ಡಿಗೆ. ಹೊಸ ಕಾರ್ಡಿನಿಂದ ಸ್ವಿಚ್ಚಿಗೆ, ಅಲ್ಲಿಂದ ಎರಡೂ ಕೋಣೆಗಳಿಗೆ.

ಹಳೆಯ ಕಂಪ್ಯೂಟರಿಗೆ ಇಂಟರ್ನೆಟ್ ಬಂತು. ಕೋಣೆಗಳಿಗೆ ಮಾತ್ರ ಬರಲಿಲ್ಲ. ಅಪ್ಪ ಆಗಲೇ ಕನ್ನಡಕ ಹುಡುಕುತ್ತಿದ್ದರು. "ಆಗ್ಲಿಲ್ಲಂದ್ರ ಇವತ್ತು ನನ್ನ ಕ್ಲಾಸ್ ಬಿಡ್ತೀನ್ರಿ" ಎಂದಳು ಹೆಂಡತಿ. ಗೆಳೆಯನಿಗೆ ಮತ್ತೆ ಫೋನ್ ಮಾಡಿದೆ.

ಗೆಳೆಯ ಎಲ್ಲ ಕೇಳಿಸಿಕೊಂಡು ನಕ್ಕ. "ಮುಂದೊಂದು ಹಿಂದೊಂದು ಬಾಗ್ಲು ಇಟ್ಟೀಯ, ನಡುವೆ ದಾರಿ ಬಿಟ್ಟಿಲ್ಲ. ಈ ಕಾರ್ಡಿಗೆ ಬಂದಿದ್ದು ಆ ಕಾರ್ಡಿಗೆ ದಾಟಬೇಕು ಅಂತ ನೀನೇ ಹೇಳ್ಬೇಕು ಅದಕ್ಕ." ಅವನು ಹೇಳಿದ ಎರಡು ಸಾಲಿನ ಆದೇಶವನ್ನು ಹಳೆಯ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡಿದೆ.

ಪಕ್ಕದ ಕೋಣೆಯಿಂದ "ಗುಡ್ ಮಾರ್ನಿಂಗ್ ಮಿಸ್" ಎಂಬ ಮಕ್ಕಳ ಕೂಗು ಕೇಳಿಸಿತು. ಅಪ್ಪನ ಪರದೆಯ ಮೇಲೆ ಮೇಡಂ ಮುಖವೂ ಮೂಡಿತು.

"ಯಜಮಾನ್ರೇ, ಮೂರು ದಿನ ಎಲ್ಲಿ ಹೋಗಿದ್ರಿ?"

ಅಪ್ಪನ ತುಟಿ ಎರಡು ಸಲ ಅದುರಿತು. "ಇಲ್... ಇಲ್ಲೇ... ಇದ್ದೆ" ಎಂದರು.

ಕಾಯಿಲೆ ಬಿದ್ದ ಮೇಲೆ ಎರಡು ಶಬ್ದ ಕೂಡಿಸಿ ಅವರು ಆಡಿದ್ದು ಅದೇ ಮೊದಲು. ಸ್ಕ್ರೂಡ್ರೈವರ್ ಹಿಡಿದುಕೊಂಡೇ ನಾನು ನೆಲದ ಮೇಲೆ ಕುಳಿತುಬಿಟ್ಟೆ.